ನಾಲ್ಕನೇ ಲೈನಿನಲ್ಲಿ ಕೇಳಿದ ದನಿ

ಲಾಡಿ ಸೆದ್ಲಾಕ್ ಸತ್ತವನ ಅಡುಗೆಮನೆಯಲ್ಲಿ ನಿಂತು ಗೋಡೆಯ ಟೆಲಿಫೋನಿನ ಹಿಡಿಯನ್ನು ಜೋರಾಗಿ ಒಂದು ಸುತ್ತು ತಿರುಗಿಸಿದ. ರಿಸೀವರನ್ನು ಕಿವಿಗೆ ಒತ್ತಿಕೊಂಡ.

"ನಂಬರ್ ಹೇಳಿ."

ಅಷ್ಟು ಬೇಗ. ಇಲ್ಲಿ ಹಿಡಿ ತಿರುಗಿದ ಕೂಡಲೇ ಅಲ್ಲಿ, ಟೌನಿನ ಎಕ್ಸ್‌ಚೇಂಜಿನ ಬೋರ್ಡಿನ ಮೇಲೆ, ನಾಲ್ಕನೇ ಲೈನಿನ ತಗಡಿನ ಬಿಲ್ಲೆ ಟಪ್ಪೆಂದು ಬಿದ್ದಿತ್ತು. ಅವನು ತೇತಾ ಎಂದು ಕರೆಯುವ ಚಿಕ್ಕಮ್ಮ ಬೊಜೆನಾ ಅದನ್ನು ನೋಡಿದ್ದಳು, ವೈರು ಸಿಕ್ಕಿಸಿದ್ದಳು, ಮಾತಾಡಿದ್ದಳು.

ಹೋದ ಮಂಗಳವಾರ ಮಾತ್ರ ಆ ಬಿಲ್ಲೆ ಬೀಳಲೇ ಇಲ್ಲ ಎಂದು ಲಾಡಿಗೆ ಹೇಳಿದ್ದವಳೂ ಅವಳೇ.

"ನಂಬರ್ ಹೇಳಿ, ಯಾರದು?"

"ನಾನು, ತೇತಾ. ಲಾಡಿ. ಲೈನ್ ಸರಿ ಇದೆಯಾ ಅಂತ ನೋಡ್ತಿದ್ದೆ."

ಅಷ್ಟರಲ್ಲಿ ಇನ್ನೊಂದು ದನಿ ನಡುವೆ ನುಗ್ಗಿತು. "ಲಾಡಿ, ನೀನಾ? ಕ್ರಾಲಿಕ್ ಮನೇಲಿದೀಯಾ? ಯಾರಾದ್ರೂ ಸಿಕ್ಕಿದ್ರೇನಪ್ಪ?"

"ಇಲ್ಲ, ಮಿಸೆಸ್ ಸಿಕೋರಾ. ನೀವು ರಿಸೀವರ್ ಇಡಿ."

"ಇಡ್ತೀನಿ, ಇಡ್ತೀನಿ. ನಾನೊಬ್ಬಳೇ ಎತ್ಕೊಂಡಿರೋ ಹಾಗೆ ಮಾತಾಡ್ತೀಯಲ್ಲ."

ಅವಳು ಹೇಳಿದ್ದು ಸುಳ್ಳಲ್ಲ. ಆ ರಸ್ತೆಯ ಅಷ್ಟೂ ಮನೆಗಳು ಒಂದೇ ತಂತಿಗೆ ನೇತುಬಿದ್ದಿದ್ದವು. ಒಬ್ಬರಿಗೆ ಕರೆ ಬಂದರೆ ಎಲ್ಲರ ಗೋಡೆಯಲ್ಲೂ ಗಂಟೆ ಬಾರಿಸುತ್ತಿತ್ತು. ಉದ್ದ ಎಷ್ಟು, ಗಿಡ್ಡ ಎಷ್ಟು ಎಂದು ಕೇಳಿಸಿಕೊಂಡು ತಮ್ಮದೋ ಬೇರೆಯವರದೋ ತಿಳಿಯಬೇಕು. ಬೇರೆಯವರದಾದರೂ ಎತ್ತಿಕೊಂಡು ಕೇಳುವುದಕ್ಕೆ ಯಾರೂ ನಾಚುತ್ತಿರಲಿಲ್ಲ.

ಆ ಮಂಗಳವಾರ ಮಧ್ಯಾಹ್ನ ಎಲ್ಲರ ಮನೆಯಲ್ಲೂ ಒಂದೇ ಸಮನೆ ಉದ್ದನೆಯ ಗಂಟೆ ಬಾರಿಸಿತ್ತು. ಅಪಾಯ ಬಂದಾಗ ಮಾತ್ರ ಬಾರಿಸುವ ಗಂಟೆ. ಗೊಗ್ಗರು ಗಂಡಸಿನ ದನಿಯೊಂದು "ಕುಬಾಟ್ ಕೊಟ್ಟಿಗೆಗೆ ಬೆಂಕಿ, ಓಡಿ ಬನ್ನಿ" ಎಂದಿತ್ತು. ರಸ್ತೆಯ ಕೊನೆಯ ಆ ಮನೆಗೆ ಜನ ಬಕೆಟ್ಟು, ಕಂಬಳಿ ಹಿಡಿದು ಧಾವಿಸಿದರೆ ಅಲ್ಲಿ ಹೊಗೆಯೂ ಇರಲಿಲ್ಲ. ಹಿಂದಿರುಗುವಾಗ ಹೊಸ ಕಂಬದ ಬುಡದಲ್ಲಿ, ತಿರುವಿನ ಹತ್ತಿರ, ವಿಕ್ಟರ್ ಕ್ರಾಲಿಕ್ ತಲೆ ಒಡೆದು ಬಿದ್ದಿದ್ದ.

ಕಂಬ ಹತ್ತಿ ಜಾರಿರಬೇಕು ಎಂದು ಶೆರಿಫ್ ಹೇಳಿ ಕೈತೊಳೆದುಕೊಂಡಿದ್ದ. ಡೆಪ್ಯೂಟಿ ಲಾಡಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ. ವಿಕ್ಟರ್ ಐವತ್ತು ದಾಟಿದ ವಿಧುರ, ಏಣಿ ಹತ್ತಿದರೂ ತಲೆ ತಿರುಗುವವನು. ಮನೆಮನೆಗೂ ಹೋಗಿ ಸಹಿ ಹಾಕಿಸಿ ಟೆಲಿಫೋನ್ ಸಹಕಾರ ಸಂಘ ಕಟ್ಟಿದವನು. ಪ್ರತಿ ಮನೆಗೂ ಅದರದೇ ತಂತಿ, ಅದರದೇ ಡಯಲ್ಲು ಎಂದು ಮಾತು ಕೊಟ್ಟವನು. ಕಂಬ ನೆಡುವುದು ಕೂಲಿಯವರ ಕೆಲಸವಾಗಿತ್ತು.

ಲಾಡಿ ರಿಸೀವರನ್ನು ಕೊಂಡಿಗೆ ಹಾಕಿದ. ತೇತಾ ತನಗೆ ಸುಳ್ಳು ಹೇಳಿದ್ದಾಳೆ. ಬಿಲ್ಲೆ ಬೀಳದಿರಬೇಕಾದರೆ ತಂತಿ ಕಡಿದಿರಬೇಕು; ಟೌನಿನ ತನಕ ಅದು ಎಲ್ಲಿಯೂ ಕಡಿದಿರಲಿಲ್ಲ, ಹೊಸದಾಗಿ ಬೆಸೆದ ಗುರುತೂ ಇಲ್ಲ ಎಂದು ಲೈನ್ ರಿಪೇರಿಯವನು ಬೆಳಿಗ್ಗೆ ಹೇಳಿದಾಗಲೇ ಅನುಮಾನ ಹುಟ್ಟಿತ್ತು. ಈಗ ಅದು ಅನುಮಾನವಾಗಿ ಉಳಿಯಲಿಲ್ಲ.

ಅವನು ನಿಂತಲ್ಲಿ ನಿಲ್ಲಲಾರದೆ ಒಲೆಯ ತನಕ ಹೋದ, ಮತ್ತೆ ಬಂದ. ಹೊರಗೆ ಮಾರ್ಚಿನ ಗಾಳಿಗೆ ತಂತಿ ಗುಂಯ್‌ಗುಡುತ್ತಿತ್ತು. ಫೋನಿನ ಕೆಳಗೆ ಮೊಳೆಗೆ ಪಾತ್ರೆ ಒರೆಸುವ ಬಟ್ಟೆಯೊಂದು ನೇತಾಡುತ್ತಿತ್ತು. ಹಿಟ್ಟಿನ ಚೀಲ ಬಿಚ್ಚಿ ಹೊಲಿದದ್ದು. ಎಲ್ಲ ಕಡೆ ಮೆತ್ತಗಿದ್ದ ಬಟ್ಟೆ ನಡುವೆ ಮಾತ್ರ ಗುಂಡಗೆ ಉಬ್ಬಿಕೊಂಡು ಒಣಗಿ ಗಡುಸಾಗಿತ್ತು.

ಲಾಡಿ ಅದನ್ನು ತೆಗೆದು ಫೋನಿನ ಬಾಯಿಗೆ ಹಿಡಿದ. ಟೋಪಿ ತೊಡಿಸಿದ ಹಾಗೆ ಕೂತಿತು.

ಅಂದರೆ ಆ ಗೊಗ್ಗರು ದನಿ ಬಂದದ್ದು ಇಲ್ಲಿಂದಲೇ. ಯಾರೋ ಒದ್ದೆ ಬಟ್ಟೆ ಸುತ್ತಿ, ದನಿ ಬದಲಿಸಿ, ವಿಕ್ಟರ್‌ನ ಅಡುಗೆಮನೆಯಲ್ಲೇ ನಿಂತು ಊರನ್ನು ಓಡಿಸಿದ್ದರು. ಆಗ ವಿಕ್ಟರ್ ಎಲ್ಲಿದ್ದ? ತಿರುವಿನಲ್ಲೇ ನಿಂತಿದ್ದ ಅವನ ಕಾರಿನಲ್ಲಿ ಸಿಕ್ಕಿದ ಆ ಇಟ್ಟಿಗೆ ಬೇರೆ ಲಾಡಿಯ ನಿದ್ದೆ ಕೆಡಿಸಿತ್ತು. ಡ್ರೈವರ್ ಪಕ್ಕದಲ್ಲಿ ಕೂರುವವರ ಕಾಲ ಹತ್ತಿರ, ಒಲೆಯಲ್ಲಿ ಕಾಯಿಸಿ ಫ್ಲಾನೆಲ್ ಸುತ್ತಿಟ್ಟ ಇಟ್ಟಿಗೆ. ಲಾಡಿ ಮುಟ್ಟಿದಾಗ ಇನ್ನೂ ಬೆಚ್ಚಗಿತ್ತು. ಒಂಟಿಯಾಗಿ ತಿರುಗುವ ಮನುಷ್ಯ ಯಾರ ಪಾದ ಬೆಚ್ಚಗಿಡಲು ಹೊರಟಿದ್ದ?

*

ಟೌನಿನ ಕಡೆ ಕಾರು ತಿರುಗಿಸಿದರೂ ತಿರುವಿನಲ್ಲಿ ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು. ತನ್ನ ಹೊಲದ ಬೇಲಿಯ ಹತ್ತಿರ ರುಡಾಲ್ಫ್ ವಾವ್ರಾ ನಿಂತಿದ್ದ. ಬೇಲಿ ಕಟ್ಟುತ್ತಿದ್ದ ಹಾಗಿತ್ತು, ಕಣ್ಣು ಮಾತ್ರ ರಸ್ತೆಯ ಮೇಲಿತ್ತು. ಅವನ ಟ್ರಕ್ಕಿನ ಬಾಗಿಲ ತನಕ ಕೆಸರು ಮೆತ್ತಿಕೊಂಡಿತ್ತು.

"ತುಂಬ ಓಡಾಟ ಅನ್ಸುತ್ತೆ ನಿಮ್ಮದು," ಎಂದ ಲಾಡಿ.

"ಕೆಲಸ ಇರೋನು ಓಡಾಡ್ತಾನೆ. ನಿನ್ನ ಹಾಗೆ ಸತ್ತೋರ ಮನೆ ಕಾಯೋಕೆ ಸಂಬಳ ಕೊಡಲ್ಲ ನಂಗೆ ಯಾರೂ."

"ಸಂಘಕ್ಕೆ ಸಹಿ ಹಾಕದೆ ಇದ್ದೋರು ಈ ರಸ್ತೇಲಿ ನೀವೊಬ್ಬರೇ. ಕಂಬ ನೆಡೋಕೆ ಬಂದಾಗ ವಿಕ್ಟರ್‌ಗೆ ಬಂದೂಕು ತೋರಿಸಿದ್ರಂತೆ."

"ತೋರಿಸ್ದೆ. ಹೊಡೀಲಿಲ್ಲ." ರುಡಾಲ್ಫ್ ಉಗುಳಿದ. "ಮನೆಗೊಂದು ಲೈನು, ಯಾರಿಗೂ ಕೇಳಿಸ್ದೆ ಮಾತಾಡ್ಬಹುದು ಅಂತ ಹೆಂಗಸರ ತಲೆ ಕೆಡಿಸ್ದ. ಸಂಸಾರಸ್ಥರ ಮನೇಲಿ ಯಾರಿಗೂ ಕೇಳಿಸ್ದೆ ಮಾತಾಡೋದು ಏನಿರುತ್ತೆ? ಅವತ್ತು ನಾನು ಕುಬಾಟ್ ಅಂಗಳದಲ್ಲಿ ನೀರು ಹೊತ್ಕೊಂಡು ನಿಂತಿದ್ದೆ. ನಮ್ಮಮ್ಮನೂ ಜೊತೇಲೇ ಇದ್ಳು. ನೂರು ಜನ ನೋಡಿದಾರೆ. ಬೇರೆ ಯಾರನ್ನಾದ್ರೂ ಹುಡುಕ್ಕೋ."

ಅದು ನಿಜ. ಲಾಡಿ ವಿಚಾರಿಸಿದ್ದ. ಎಲ್ಲರೂ ರುಡಾಲ್ಫ್‌ನನ್ನು ನೋಡಿದ್ದರು.

"ನಿಮ್ಮ ಹೆಂಡ್ತಿ ಲಿಬುಶೆ ಹೇಗಿದಾರೆ? ಅವರನ್ನ ಅವತ್ತು ಯಾರೂ ನೋಡಿಲ್ಲ."

ರುಡಾಲ್ಫ್‌ನ ಕೈಯ ಸುತ್ತಿಗೆ ನಿಂತಿತು. "ಒಮಾಹಾಗೆ ಹೋದ್ಳು. ತಂಗಿ ಮನೆಗೆ."

"ಯಾವಾಗ?"

"ಹೋದ ವಾರ."

"ಬಸ್ ಸ್ಟಾಪಿಗೆ ಯಾರು ಬಿಟ್ರು?"

"ಅವಳಿಗೆ ಕಾಲಿಲ್ವಾ?"

ಕಾಲಿತ್ತು. ಆದರೆ ಹೆಂಡತಿಯನ್ನು ತಂಗಿ ಮನೆಗೆ ಕಳಿಸಿದವನು ಸುತ್ತಲಿನ ಕೆಸರು ದಾರಿಗಳನ್ನೆಲ್ಲ ಯಾಕೆ ಜಾಲಾಡುತ್ತಾನೆ? ಲಾಡಿ ತಲೆಯೆತ್ತಿ ಮನೆಯ ಕಡೆ ನೋಡಿದ. ಅಡುಗೆಮನೆ ಕಿಟಕಿಯಲ್ಲಿ ರುಡಾಲ್ಫ್‌ನ ತಾಯಿ ಕಂಡಳು. ಕುರ್ಚಿಯಲ್ಲಿ ಕೂತಿದ್ದಳು, ಕಿವಿಯಲ್ಲಿ ರಿಸೀವರ್. ತುಟಿ ಅಲ್ಲಾಡುತ್ತಿರಲಿಲ್ಲ.

*

ಎಕ್ಸ್‌ಚೇಂಜು ಎಂದರೆ ಬೊಜೆನಾಳ ಮನೆಯ ಮುಂದಿನ ಕೋಣೆ. ತಾಯಿ ತೀರಿಹೋದ ಮೇಲೆ ಲಾಡಿಯನ್ನೂ ಅವನ ಅಣ್ಣ ಮಿರೆಕ್‌ನನ್ನೂ ಬೆಳೆಸಿದವಳು ಆ ಚಿಕ್ಕಮ್ಮ. ಬೋರ್ಡಿನ ಮುಂದೆ ಕೂತೇ ಅವರ ಪಾಠ ಕೇಳಿದವಳು, ಹೆಡ್‌ಫೋನ್ ತೆಗೆಯದೆಯೇ ಬೈದವಳು.

"ಒಣದ್ರಾಕ್ಷಿ ತುಂಬಿದ ಕೋಲಾಚೆ ಬನ್ನು ಮಾಡಿದೀನಿ, ತಟ್ಟೇಲಿದೆ, ತಿನ್ನು," ಎಂದಳು ಅವನತ್ತ ತಿರುಗದೆ. "ನಂಬರ್ ಹೇಳಿ. ಡಾಕ್ಟರು ಮನೇಲಿಲ್ಲಮ್ಮ, ಶಾಲೆ ಹತ್ರ ಹೋಗಿದಾರೆ. ಅಲ್ಲಿಗೇ ಹಾಕ್ಲಾ?"

ಲಾಡಿ ತಟ್ಟೆ ಮುಟ್ಟಲಿಲ್ಲ. ಕೂರಲೂ ಇಲ್ಲ.

"ತೇತಾ, ಮಂಗಳವಾರ ಬಿಲ್ಲೆ ಬಿತ್ತು."

"ಬೀಳ್ಲಿಲ್ಲ ಅಂತ ಹೇಳಿದ್ನಲ್ಲ."

"ಈಗ ಕ್ರಾಲಿಕ್ ಮನೆಯಿಂದ ಒಂದು ಸುತ್ತು ತಿರುಗಿಸಿದ್ದಕ್ಕೇ ಬಿತ್ತು. ಅವತ್ತು ಆ ಮನುಷ್ಯ ಕೈ ಸೋಲೋ ಹಾಗೆ ತಿರುಗಿಸಿದಾನೆ. ತಂತೀನ ಯಾರೂ ಮುಟ್ಟಿಲ್ಲ. ನೀನು ಎತ್ಕೊಂಡಿದೀಯ, ಕೇಳಿದೀಯ."

"ಹೊರಗೆ ಹೋಗಿದ್ನೇನೋ."

"ಮಗ್ಗುಲಲ್ಲಿ ಗಂಟೆ ಕಟ್ಕೊಂಡು ಮಲಗೋಳು ನೀನು. ಹೊರಗೆಲ್ಲಿಗೆ ಹೋಗ್ತೀಯ?"

ಅವಳು ಒಂದು ವೈರು ಎಳೆದು ಇನ್ನೊಂದಕ್ಕೆ ಸಿಕ್ಕಿಸಿದಳು. ಬೆರಳು ತಪ್ಪಿತು. ಹೀಗೆ ತಪ್ಪಿದ್ದನ್ನು ಲಾಡಿ ಚಿಕ್ಕಂದಿನಿಂದ ನೋಡಿರಲಿಲ್ಲ.

"ಡಯಲ್ ಫೋನ್ ಬಂದ್ರೆ ಈ ಬೋರ್ಡನ್ನ ತೆಗೆದು ಗುಜರಿಗೆ ಹಾಕ್ತಾರೆ," ಎಂದ ಅವನು. ಹೇಳಬಾರದೆಂದುಕೊಂಡೇ ಬಂದಿದ್ದ, ಬಾಯಿ ಕೇಳಲಿಲ್ಲ. "ನಿನ್ನ ಕೆಲಸ ಹೋಗುತ್ತೆ. ವಿಕ್ಟರ್ ಸತ್ರೆ ಯಾರಿಗೆ ಲಾಭ ಅಂತ ಶೆರಿಫ್ ಒಂದಿನ ಲೆಕ್ಕ ಹಾಕೇ ಹಾಕ್ತಾನೆ. ಅವತ್ತು ನೀನು ಸುಳ್ಳು ಹೇಳಿದ್ದೂ ಗೊತ್ತಾಗುತ್ತೆ."

ಬೊಜೆನಾ ಹೆಡ್‌ಫೋನ್ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ನನ್ನನ್ನಾ? ನನ್ನ ಮೇಲಾ ನಿಂಗೆ ಅನುಮಾನ?"

"ನಂಗಲ್ಲ."

"ನೀನೇ ಈಗ ಹೇಳಿದ್ದು." ಅವಳ ದನಿ ಏರಲಿಲ್ಲ. "ಲಾಡಿ, ಹೆರಿಗೆ ನೋವು ತಿನ್ತಿರೋ ಹುಡುಗಿ 'ಲೈನ್ ಬಿಡಿ, ಡಾಕ್ಟರ್ ಬೇಕು' ಅಂತ ಅಳ್ತಿದ್ರೆ, ಪಿಕ್ಲ್ ಹಾಕೋ ರೀತಿ ಹೇಳ್ಕೊಳ್ತಿದ್ದ ಇಬ್ರು ಹೆಂಗಸರು 'ಒಂದು ನಿಮಿಷ ತಾಳು' ಅಂದಿದ್ದನ್ನ ಕೇಳಿದೀನಿ ನಾನು. ಮಗು ಉಳೀಲಿಲ್ಲ. ಈ ಬೋರ್ಡು ಗುಜರಿಗೆ ಹೋಗ್ಲಿ ಅಂತ ವಿಕ್ಟರ್‌ಗಿಂತ ಮೊದಲು ಬೇಡ್ಕೊಂಡೋಳು ನಾನು. ನನ್ನ ಕೆಲಸದ ಮಾತು ಆಡ್ಬೇಡ."

ಲಾಡಿಗೆ ಮುಖ ಬಿಸಿಯಾಯಿತು. ಆದರೂ ಬಿಡಲಿಲ್ಲ.

"ಹಾಗಾದ್ರೆ ಯಾರನ್ನ ಕಾಯ್ತಿದೀಯ? ಯಾರ ದನಿ ಅದು?"

"ಬಟ್ಟೆ ಸುತ್ತಿ ಮಾತಾಡಿದ್ರು."

"ನಿಂಗೆ ಬಟ್ಟೆ ಅಡ್ಡ ಬರುತ್ತಾ ತೇತಾ? ಉಸಿರಾಡೋ ಸದ್ದಲ್ಲೇ ಯಾರು ಅಂತ ಹೇಳೋಳು ನೀನು."

ಅವಳು ಕಿಟಕಿಯ ಕಡೆ ನೋಡಿದಳು. ಮೂರನೇ ಲೈನಿನ ಬಿಲ್ಲೆ ಬಿತ್ತು. ಅವಳು ವೈರು ಮುಟ್ಟಲಿಲ್ಲ. ಬಿಲ್ಲೆ ಹಾಗೇ ನೇತಾಡಿತು.

"ವಿಕ್ಟರ್‌ದು," ಎಂದಳು.

"ವಿಕ್ಟರ್‌ದು ಏನು?"

"ದನಿ. ಬೆಂಕಿ ಅಂತ ಕೂಗಿದ್ದು ವಿಕ್ಟರ್ರೇ."

ಲಾಡಿ ಕೊನೆಗೂ ಕೂತ. ಒಣಗಿ ಉಬ್ಬಿದ ಬಟ್ಟೆ ನೆನಪಾಯಿತು. ಬೇರೆ ಯಾರೂ ಆ ಅಡುಗೆಮನೆಗೆ ನುಗ್ಗಿರಲಿಲ್ಲ. ಮನೆಯವನೇ ನಿಂತು ತನ್ನ ನೆರೆಯವರನ್ನೆಲ್ಲ ಮೋಸಮಾಡಿ ಓಡಿಸಿದ್ದ, ಆಮೇಲೆ ತಾನೇ ಹೋಗಿ ಸತ್ತಿದ್ದ.

"ಇದನ್ನ ಹೇಳಿದ್ರೆ ಏನಾಗುತ್ತೆ ಗೊತ್ತಲ್ಲ?" ಬೊಜೆನಾ ಹೇಳಿದಳು. "ಸುಳ್ಳುಗಾರ ಕಟ್ಟಿದ ಸಂಘ ಅಂತಾರೆ. ಒಬ್ಬೊಬ್ಬರಾಗಿ ಬಿಟ್ಟು ಹೋಗ್ತಾರೆ. ಅವನು ಈ ಚಳಿಗಾಲವೆಲ್ಲ ನಡೆದದ್ದು ಮಣ್ಣುಪಾಲು."

"ಅಷ್ಟಕ್ಕೇ ಸುಮ್ನಿದ್ದೆ ಅಂದ್ರೆ ನಾನು ನಂಬಲ್ಲ."

"ನಂಬ್ಬೇಡ."

"ತೇತಾ."

ಅವಳು ಬೋರ್ಡಿನ ಅಂಚನ್ನು ಹಿಡಿದುಕೊಂಡಳು. "ಎಲ್ಲರೂ ರಿಸೀವರ್ ಇಟ್ಟು ಓಡಿದ್ರು. ನಾನು ಇಡ್ಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ವಿಕ್ಟರ್ ಮತ್ತೆ ಮಾತಾಡ್ದ, ಬಟ್ಟೆ ಇಲ್ದೆ. 'ಕೊನೇ ಗಾಡಿನೂ ನಮ್ಮನೆ ದಾಟಿ ಹೋಯ್ತು. ಕರ್ಕೊಂಡು ಬಾ. ತಿರುವಿನಲ್ಲಿ ಕಾರ್ ನಿಲ್ಲಿಸ್ತೀನಿ' ಅಂದ."

"ಯಾರಿಗೆ?"

"ವಾವ್ರಾ ಮನೆ ಫೋನ್ ಎತ್ಕೊಂಡಿದ್ದೋರಿಗೆ. ಅವರ ಅಡುಗೆಮನೆ ಗಡಿಯಾರ ಟಿಕ್ ಟಿಕ್ ಅಂತಿತ್ತು. ಹೋದ ಡಿಸೆಂಬರ್‌ನಲ್ಲಿ ಲಿಬುಶೆ ಒಂದ್ಸಲ ತಪ್ಪಿಸ್ಕೊಂಡು ಬಂದಿದ್ಳು. ಮೈಯೆಲ್ಲ ಬಾಸುಂಡೆ. ನಿಮ್ಮ ಶೆರಿಫ್ ಅವಳನ್ನ ಜೀಪಲ್ಲಿ ಕೂರಿಸಿ ಗಂಡನ ಮನೆಗೇ ಬಿಟ್ಟು ಬಂದ. ಅದಕ್ಕೇ ಈ ಸಲ ಅವಳನ್ನ ಬಿಡಿಸ್ಕೊಂಡು ಹೋಗೋ ವಿಷಯ ಕಾನೂನಿನೋರಿಗೆ ಯಾರೂ ಹೇಳ್ಲಿಲ್ಲ. ನಿಂಗೂ ಹೇಳ್ಲಿಲ್ಲ."

"ಉತ್ತರ ಕೊಟ್ಟೋಳು ಲಿಬುಶೆನಾ?"

"ಅಲ್ಲ. 'ಬಂದ್ವಿ' ಅಂತ ಒಂದೇ ಮಾತು. ಗಂಡಸು." ಅವಳ ಕಣ್ಣು ತುಂಬಿತ್ತು. "ಆ ಮಗೂಗೆ ಮಾತು ಕಲಿಸಿದ್ದೇ ನಾನು ಲಾಡಿ. ಮಿರೆಕ್ ಅದು. ನಿನ್ನಣ್ಣ."



ಮಿರೆಕ್ ಸಂಘದ ಉಪಾಧ್ಯಕ್ಷ. ವಿಕ್ಟರ್‌ನ ಜೊತೆ ಮನೆಮನೆ ಸುತ್ತಿದವನು, ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು. ಕುಬಾಟ್ ಅಂಗಳಕ್ಕೆ ಮೊದಲು ತಲುಪಿದವನೇ ತಾನು ಎಂದು ಹೇಳಿದ್ದ. ಅಣ್ಣ ಹೇಳಿದನೆಂದು ಲಾಡಿ ಬೇರೆ ಯಾರನ್ನೂ ಕೇಳಿರಲಿಲ್ಲ. ವಿಕ್ಟರ್‌ನನ್ನು ಕೊನೆಗೆ ಕಂಡವನು ಮಿರೆಕ್. ತಿರುವಿನಲ್ಲಿ ಏನಾಯಿತು? ಲಿಬುಶೆ ಎಲ್ಲಿ?

"ಅವನಿಗೆ ಫೋನ್ ಹಾಕು," ಎಂದ ಲಾಡಿ.

"ಬೇಡ. ಗಂಟೆ ಎಲ್ಲರ ಮನೇಲೂ ಬಾರಿಸುತ್ತೆ. ಎಲ್ಲರೂ ಎತ್ಕೊಳ್ತಾರೆ. ಕಾರ್ ತಗೊಂಡು ಹೋಗು."

"ಟೌನಿಗೆ ಬಾ ಅಂತ ಮಾತ್ರ ಹೇಳ್ತೀನಿ. ಹಾಕು ತೇತಾ."

ಹೋಗಬಹುದಿತ್ತು. ಆದರೆ ಆ ಒಂಬತ್ತು ಮೈಲಿ ಈ ಪ್ರಶ್ನೆಯನ್ನು ಎದೆಯಲ್ಲಿಟ್ಟುಕೊಂಡು ಕಾರು ಓಡಿಸುವ ತಾಳ್ಮೆ ಅವನಲ್ಲಿ ಉಳಿದಿರಲಿಲ್ಲ. ಬೊಜೆನಾ ಅವನ ಮುಖ ನೋಡಿ, ತುಟಿ ಕಚ್ಚಿ, ಸೆದ್ಲಾಕ್ ಮನೆಯ ಗಂಟೆ ಬಾರಿಸಿದಳು. ಒಂದು ಉದ್ದ, ಎರಡು ಗಿಡ್ಡ. ಲಾಡಿಗೆ ಇನ್ನೊಂದು ರಿಸೀವರ್ ಕೊಟ್ಟು ತಾನು ಹೆಡ್‌ಫೋನ್ ಹಾಕಿಕೊಂಡಳು.

"ಹಲೋ?" ಮಿರೆಕ್.

"ನಾನು. ಟೌನಿಗೆ ಬಾ, ಈಗಲೇ."

"ಏನು ವಿಷಯ?"

"ಬಾ, ಹೇಳ್ತೀನಿ."

"ಆಗಲ್ಲ ಲಾಡಿ. ಹಸು ಈಯೋ ಹಾಗಿದೆ. ನಾಳೆ ನೋಡೋಣ—"

ಅವನ ಬೆನ್ನ ಹಿಂದೆ ಯಾರೋ ಕೆಮ್ಮಿದರು. ಎದೆಯ ಆಳದಿಂದ ಬಂದ, ತಡೆಯಲು ಹೋಗಿ ತಡೆಯಲಾಗದ ಕೆಮ್ಮು. ಹೆಂಗಸಿನ ಕೆಮ್ಮು.

ಆ ಮನೆಯಲ್ಲಿ ಮಿರೆಕ್ ಒಬ್ಬನೇ ಇದ್ದದ್ದು.

ಲೈನಿನ ಉದ್ದಕ್ಕೂ ಉಸಿರುಗಳು ನಿಂತವು. ಆಮೇಲೆ ಮಿಸೆಸ್ ಸಿಕೋರಾಳಿಗೆ ತಡೆಯಲಾಗಲಿಲ್ಲ. "ಮಿರೆಕ್, ನಿಮ್ಮನೇಲಿ ಯಾರಪ್ಪ ಕೆಮ್ಮಿದ್ದು?"

ಟಕ್. ಒಂದು ರಿಸೀವರ್ ಕೊಂಡಿಗೆ ಬಿತ್ತು. ಒಂದೇ ಒಂದು.

ಬೊಜೆನಾ ಬಾಯಿಗೆ ಕೈ ಅಡ್ಡ ಹಿಡಿದು ಲಾಡಿಯ ಕಡೆ ತಿರುಗಿದಳು. "ವಾವ್ರಾ ಮುದುಕಿ. ಅವಳೇ ಹಾಗೆ ಕುಕ್ಕೋದು."

"ಲಾಡಿ," ಮಿರೆಕ್‌ನ ದನಿ ತಣ್ಣಗಿತ್ತು, "ಎಂಥ ಕೆಲಸ ಮಾಡ್ದೆ." ಅವನೂ ಇಟ್ಟುಬಿಟ್ಟ.

ವಾವ್ರಾ ಮನೆಗೂ ಸೆದ್ಲಾಕ್ ಮನೆಗೂ ನಡುವೆ ಒಂದೇ ಹೊಲ. ಲಾಡಿ ಟೋಪಿ ಮರೆತು ಬಾಗಿಲ ಕಡೆ ಧಾವಿಸಿದ. ಹೊಸಿಲು ದಾಟುವಷ್ಟರಲ್ಲಿ ಹಿಂದೆ ಬಿಲ್ಲೆ ಬಿದ್ದ ಸದ್ದು. ನಾಲ್ಕನೇ ಲೈನು. ಗಂಟೆ ನಿಲ್ಲಲೇ ಇಲ್ಲ. ಉದ್ದಕ್ಕೆ, ಒಂದೇ ಸಮನೆ.

"ಲಾಡಿ, ಬಾ ಇಲ್ಲಿ." ಬೊಜೆನಾಳ ಮುಖ ಬಿಳಿಚಿತ್ತು. "ಅವಳೇ."

ಅವನು ರಿಸೀವರ್ ಕಿತ್ತುಕೊಂಡ.

"ನಾನು ಲಿಬುಶೆ." ಜ್ವರಕ್ಕೆ ಒಡೆದ ದನಿ, ಆದರೆ ನಡುಗುತ್ತಿರಲಿಲ್ಲ. "ಎಲ್ಲರೂ ಎತ್ಕೊಳ್ಳಿ. ಮೂರು ವರ್ಷ ನನ್ನ ಮಾತನ್ನೆಲ್ಲ ಕದ್ದು ಕೇಳಿದ್ರಿ, ಇವತ್ತು ನಾನೇ ಕರೆದು ಹೇಳ್ತೀನಿ. ಮಿರೆಕ್ ಬರಿಗೈಲಿ ಅಂಗಳದಲ್ಲಿ ನಿಂತಿದಾನೆ. ರುಡಾಲ್ಫ್ ಹೊಲ ದಾಟಿ ಬರ್ತಿರೋದು ಕಿಟಕೀಲಿ ಕಾಣ್ತಿದೆ. ಅವನು ಬರೋದ್ರೊಳಗೆ ಹೇಳ್ಬೇಕು. ವಿಕ್ಟರನ್ನ ಹೊಡೆದೋರನ್ನ ನಾನು ನೋಡ್ದೆ. ರುಡಾಲ್ಫ್ ಅಲ್ಲ. ಮಿರೆಕ್ಕೂ ಅಲ್ಲ."

ಟಕ್, ಟಕ್ ಎಂದು ರಿಸೀವರುಗಳು ಏಳತೊಡಗಿದವು. ಕೊಟ್ಟಿಗೆಯಲ್ಲಿದ್ದವರು, ಅಂಗಳದಲ್ಲಿದ್ದವರು ಆ ಗಂಟೆಗೆ ಓಡಿ ಬಂದು ಎತ್ತಿಕೊಳ್ಳುತ್ತಿದ್ದರು. ಒಂದೊಂದು ಎದ್ದ ಹಾಗೂ ತಂತಿಯ ಬಲ ಹಂಚಿಹೋಗಿ ಅವಳ ದನಿ ಇನ್ನಷ್ಟು ತೆಳುವಾಯಿತು.

"ಇಡಿ!" ಬೊಜೆನಾ ಕೂಗಿದಳು. "ಎಲ್ಲರೂ ಕೆಳಗಿಡಿ, ಅವಳ ಮಾತು ಕೇಳಿಸ್ತಿಲ್ಲ, ದಯವಿಟ್ಟು ಇಡಿ."

ಆ ಹೊತ್ತಿನಲ್ಲಿ ರಿಸೀವರ್ ಕೆಳಗಿಡುವಂಥವರು ಆ ರಸ್ತೆಯಲ್ಲಿ ಯಾರೂ ಇರಲಿಲ್ಲ. ಇನ್ನೊಂದು ಟಕ್. ಮತ್ತೊಂದು.

"ಅವತ್ತು ತಿರುವಿನಲ್ಲಿ ನಿಂತಿದ್ದದ್ದು," ಎಂದಳು ಲಿಬುಶೆ, ದೂರದ ಬಾವಿಯ ತಳದಿಂದ ಎಂಬಂತೆ.

ಲಾಡಿ ಕಣ್ಣು ಮುಚ್ಚಿ ಕಿವಿಯನ್ನು ರಿಸೀವರಿಗೆ ಒತ್ತಿಕೊಂಡ. ಅವಳು ಹೆಸರು ಹೇಳಿದಳು. ಹೇಳಿದ್ದು ಗೊತ್ತಾಯಿತು, ಯಾಕೆಂದರೆ ಲೈನಿನಲ್ಲಿದ್ದ ಯಾರೋ ಒಬ್ಬರು ಬೆಚ್ಚಿ ಉಸಿರೆಳೆದುಕೊಂಡರು. ಹೆಸರು ಮಾತ್ರ ಟೌನಿನ ತನಕ ಬರಲಿಲ್ಲ.